ಹಣ್ಣಾಗಲಿ ಎಂದು ಕಾದ ಕಣ್ಣು

ಕಣ್ಣಿನ ಪೊರೆಯ ಮಾತು ಬಂದಾಗ ಯಾರಾದರೂ "ಹಣ್ಣಾಗ್ಲಿ ಬಿಡಿ, ಆಮೇಲೆ ತೆಗೆಸಿದ್ರಾಯ್ತು" ಎಂದರೆ ನನಗೆ ಮೈ ಉರಿಯುತ್ತದೆ. ಮದುವೆಮನೆಯೋ ಬಸ್‌ಸ್ಟ್ಯಾಂಡೋ ನೋಡದೆ ಜಗಳಕ್ಕೆ ನಿಲ್ಲುತ್ತೇನೆ. ಆ ಮಾತನ್ನು ಒಮ್ಮೆ ನಾನೇ ಆಡಿದ್ದೆ, ಅದೂ ಡಾಕ್ಟರ ಎದುರು ಕೂತು.

ತೊಂಬತ್ತರ ದಶಕದ ಮೊದಲಲ್ಲಿ ಅಪ್ಪ ಮೂಡಿಗೆರೆಯ ಕಣ್ಣಿನ ಕ್ಯಾಂಪಿಗೆ ಹೋದಾಗ "ಇನ್ನೂ ಹಣ್ಣಾಗಿಲ್ಲ, ಮುಂದಿನ ವರ್ಷ ಬನ್ನಿ" ಎಂದು ವಾಪಸು ಕಳಿಸಿದರು. ಮರುವರ್ಷ ಮಂಜಾದ ಮಸೂರವನ್ನು ಇಡಿಯಾಗಿ ತೆಗೆದರು, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟು ಕಳಿಸಿದರು. ಅದರಲ್ಲಿ ಎಲ್ಲವೂ ದೊಡ್ಡದು, ಎಲ್ಲವೂ ಹತ್ತಿರ. ಅಪ್ಪ ಕಾಫಿ ಲೋಟಕ್ಕೆ ಕೈ ಚಾಚಿದರೆ ಬೆರಳುಗಳು ಲೋಟದ ಈಚೆಗೇ ಮುಚ್ಚಿಕೊಳ್ಳುತ್ತಿದ್ದವು. ನಾವು ನಗುತ್ತಿದ್ದೆವು. ಅದೇ ವರ್ಷ ಪಕ್ಕದ ಎಸ್ಟೇಟಿನ ಯಜಮಾನರ ತಾಯಿ ಮಂಗಳೂರಿಗೆ ಹೋಗಿ ಕಣ್ಣೊಳಗೇ ಲೆನ್ಸ್ ಕೂರಿಸಿಕೊಂಡು ಬಂದಿದ್ದರು. ಹಾಗೊಂದು ಇದೆ ಎಂದು ಕ್ಯಾಂಪಿನಲ್ಲಿ ಯಾರೂ ನಮಗೆ ಬಾಯಿಬಿಟ್ಟು ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಮ್ಮನ ವಿಷಯದಲ್ಲಿ ಮಾತ್ರ ಯಾರೂ ಏನನ್ನೂ ಮುಚ್ಚಿಡಲಿಲ್ಲ.

ಕೊಟ್ಟಿಗೆಹಾರದ ಹತ್ತಿರ ನಮ್ಮದೊಂದು ಸಣ್ಣ ತೋಟ. ಕೊಯ್ಲಿನ ದಿನಗಳಲ್ಲಿ ಸಂಜೆ ಕಾಫಿ ಹಣ್ಣಿನ ರಾಶಿಯ ಮುಂದೆ ಕೂತು ಹಸಿರು ಕಾಯಿ ಹೆಕ್ಕಿ ಬಿಸಾಡುವುದು ಅಮ್ಮನ ಕೆಲಸ. ಒಂದು ಕಾಯಿಯೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಅಪ್ಪನ ಆಪರೇಷನ್ ಆಗಿ ಹತ್ತು ಹನ್ನೆರಡು ವರ್ಷದ ಮೇಲೆ ಒಂದು ಕೊಯ್ಲಿನಲ್ಲಿ ರಾಶಿಯೊಳಗೆ ಕಾಯಿ ಉಳಿಯತೊಡಗಿತು. "ಬಲಗಣ್ಣಿಗೆ ಮಂಜು ಕವಿದಂಗಾಗ್ತದೆ" ಎಂದಳು. ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಎರಡು ಲೆನ್ಸ್ ತೋರಿಸಿದರು. ಒಂದು ಗಟ್ಟಿ ಪ್ಲಾಸ್ಟಿಕ್ಕಿನದು, ಇನ್ನೊಂದು ಮೆತ್ತನೆಯದು. "ಸಣ್ಣ ಗಾಯ ಮಾಡಿ ಪೊರೆ ಪುಡಿ ಮಾಡಿ ಹೀರಿ ತೆಗೀತೀವಿ. ಈ ಮೆತ್ತಗಿರೋದನ್ನ ಮಡಚಿ ಒಳಗೆ ಬಿಟ್ರೆ ಅದೇ ಬಿಚ್ಕೊಳ್ಳುತ್ತೆ. ಹೊಲಿಗೆ ಬೇಡ. ಈಗ್ಲೇ ಮಾಡ್ಸಿ, ಬಲಿತಷ್ಟೂ ಕಷ್ಟ" ಎಂದರು. ಅಮ್ಮ ನನ್ನ ಮುಖ ನೋಡಿದಳು.

ನಾನು ನಕ್ಕೆ. "ಕಾಯಿ ಕಿತ್ರೆ ಏನು ಪ್ರಯೋಜನ ಡಾಕ್ಟ್ರೇ? ಹಣ್ಣಾಗ್ಲಿ. ಕೊಯ್ಲು ಮುಗಿಸ್ಕೊಂಡು ಬರ್ತೀವಿ."

ಕೊಯ್ಲು ಮುಗಿಯಿತು. ಆಮೇಲೆ ಗೊಬ್ಬರ, ಮಳೆ, ಮತ್ತೊಂದು ಕೊಯ್ಲು. ಒಂದು ಬೆಳಿಗ್ಗೆ ಅಮ್ಮ ಬಲಗಣ್ಣು ಒತ್ತಿಹಿಡಿದು ವಾಂತಿ ಮಾಡಿಕೊಂಡಳು. ಕಣ್ಣು ಕೆಂಡವಾಗಿತ್ತು, ಪಾಪೆ ಹಾಲಿನಂತೆ ಬೆಳ್ಳಗಾಗಿತ್ತು. ತಲೆನೋವಿನ ಮಾತ್ರೆ ಕೊಟ್ಟು ಎರಡು ದಿನ ಕಾದೆ. ಆಗಲೂ ಕಾದೆ, ದರಿದ್ರದವನು!

"ತುಂಬಾ ಹಣ್ಣಾಗಿ ಸೋರಿದೆ. ಒತ್ತಡ ಏರಿ ಕಣ್ಣಿನ ನರ ಹೋಗಿದೆ. ಇನ್ನು ಯಾವ ಲೆನ್ಸ್ ಹಾಕಿದ್ರೂ ಈ ಕಣ್ಣು ಕಾಣಲ್ಲ" ಎಂದರು ಅದೇ ಡಾಕ್ಟರು.

ಎಡಗಣ್ಣಿನಲ್ಲಿ ಪೊರೆ ಕಾಣಿಸಿದಾಗ ಒಂದು ವಾರವೂ ತಡೆಯಲಿಲ್ಲ. ಮೆತ್ತನೆಯ ಲೆನ್ಸನ್ನೇ ಹಾಕಿಸಿದೆ. ಆ ಕೊಯ್ಲಿನಲ್ಲಿ ಅಮ್ಮ ಕತ್ತನ್ನು ಬಲಕ್ಕೆ ತಿರುಗಿಸಿಕೊಂಡು ರಾಶಿಯ ಮುಂದೆ ಕೂತಳು. ಒಂದು ಕಾಯಿಯೂ ಉಳಿಯಲಿಲ್ಲ.

"ನಿಂಗೇನು ಗೊತ್ತಿತ್ತು ಮಾರಾಯ" ಎಂದಳು, ನಾನು ಕೇಳದೆಯೇ.

ಗೊತ್ತಿತ್ತು. ಡಾಕ್ಟರು ಅವಳೆದುರೇ ಹೇಳಿದ್ದರು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಒಂದ್ಸಲ ಬಾಯಿ ತುಂಬ ಬೈದುಬಿಡಮ್ಮ" ಎಂದು ಕೂಗಿದೆ.

ಅವಳು ಬಲಗಡೆ ಇದ್ದ ನನ್ನನ್ನು ನೋಡಲು ಇಡೀ ಮೈ ತಿರುಗಿಸಿದಳು.

"ಕಾಯಿ ಹೆಕ್ಕು, ಕತ್ತಲಾಗ್ತದೆ" ಎಂದಳು.