ನೀಲಿ ಅಂಗಿಯವನನ್ನು ಹುಡುಕಿದ ಮೂರು ದಿನ

ಬಾಯಿಗೆ ನುಗ್ಗಿದ ನೀರಿಗೆ ಡೀಸೆಲ್ ರುಚಿ ಇತ್ತು. ಎಂಟು ತಿಂಗಳಾದರೂ ಆ ರುಚಿ ಹೋಗಿಲ್ಲ. ಪಣಜಿಯ ಬಸ್ಸು ಜುವಾರಿ ಸೇತುವೆ ಹತ್ತಿತೆಂದರೆ ನಾನು ಕಿಟಕಿಯಿಂದ ಮುಖ ತಿರುಗಿಸಿ, ಮೊಬೈಲಿನಲ್ಲಿ ಏನೋ ಓದುವವಳಂತೆ ತಲೆ ತಗ್ಗಿಸುತ್ತೇನೆ. ಆ ಮಧ್ಯಾಹ್ನ ನನ್ನ ತಲೆಯೊಳಗೆ ಪ್ರತಿ ಸಲ ಬೇರೆ ರೀತಿ ನಡೆಯುತ್ತದೆ. ಕೆಲವು ಸಲ ನನ್ನ ಕೈ ಅವನ ಬೆನ್ನಿಗೆ ತಲುಪುತ್ತದೆ. ಹೀಗೇ ಬಿಟ್ಟರೆ ಯಾವುದು ನಡೆದದ್ದು, ಯಾವುದು ನಾನು ಕಟ್ಟಿಕೊಂಡದ್ದು ಎಂಬುದೇ ಮರೆತುಹೋಗಬಹುದೆಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ.

ನಾವು ನಾಲ್ವರೂ ವಾಸ್ಕೋದ ಗುಡ್ಡದ ಮೇಲಿನ ಒಂದೇ ಕಾಲೋನಿಯವರು. ನಮ್ಮ ಅಪ್ಪಂದಿರು ವಿಜಯಪುರ, ಬಾಗಲಕೋಟೆಯ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ನಾನು ಬಿ.ಕಾಂ. ಮುಗಿಸಿ ಒಂದು ಸಣ್ಣ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದೆ. ಶನಿವಾರ ಭಾನುವಾರ ಬಂತೆಂದರೆ ನಾವು ಸೂಪರ್‌ಹೀರೋಗಳು. ಮಕ್ಕಳ ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ, ಹೋಟೆಲಿನ ಪಾರ್ಟಿ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಫೋಂಡಾದಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವ ಟೇಲರ್ ಒಬ್ಬರು ನಮ್ಮ ಡ್ರೆಸ್ಸುಗಳನ್ನು ಹೊಲಿದುಕೊಟ್ಟಿದ್ದರು. ಎದೆ, ತೋಳು, ತೊಡೆಗೆ ಸೋಫಾದ ಸ್ಪಂಜು ತುಂಬಿ, ಮೇಲೆ ಹೊಳೆಯುವ ಬಟ್ಟೆ. ನನ್ನದಕ್ಕೆ ಸ್ಪಂಜು ಇರಲಿಲ್ಲ. ಕೆಂಪು ಅಂಗಿ, ಬೆನ್ನಿಗೆ ಉದ್ದನೆಯ ಮೇಲುಹೊದಿಕೆ, ಅಷ್ಟೇ.

ನಾವು ಒಬ್ಬರನ್ನೊಬ್ಬರು ಬಣ್ಣದಿಂದಲೇ ಕರೆಯುತ್ತಿದ್ದೆವು. ವೆಲ್ಡಿಂಗ್ ಕೆಲಸದ ದಪ್ಪನೆಯವನು ಹಸಿರು. ಬಾಡಿಗೆಗೆ ಜನರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಿಡುವ ಪೈಲಟ್, ತೆಳ್ಳಗಿನವನು, ಕಪ್ಪು. ಟೆಂಪೋ ಚಾಲಕರ ಮಗ ನೀಲಿ. ನಾನು ಮಾತ್ರ ಎಲ್ಲರಿಗೂ ಅಕ್ಕ. ವಾರದ ನಡುವೆ ಹಾಲಿನಂಗಡಿಯ ಮುಂದೆ ಸಿಕ್ಕರೂ ‘ಏ ನೀಲಿ’ ಎಂದೇ ಕೂಗುತ್ತಿದ್ದೆವು. ಅವನ ನಿಜವಾದ ಹೆಸರು ಅವನ ಅಮ್ಮಿಯ ಬಾಯಲ್ಲಿ ಮಾತ್ರ ಉಳಿದಿತ್ತೇನೋ.

ನಮ್ಮ ಡ್ರೆಸ್ಸಿನ ಜಿಪ್ ಬೆನ್ನಿಗಿತ್ತು. ಹಾಕಿಕೊಂಡವರ ಕೈಗೆ ಅದು ಎಟುಕುತ್ತಿರಲಿಲ್ಲ. ಒಬ್ಬರ ಜಿಪ್ಪನ್ನು ಇನ್ನೊಬ್ಬರು ಎಳೆಯಬೇಕು. ಆ ಮಧ್ಯಾಹ್ನಕ್ಕೆ ಹಿಂದಿನ ಭಾನುವಾರ ಒಂದು ಪಾರ್ಟಿಯಲ್ಲಿ ಯಾವುದೋ ಮಗು ನೀಲಿಯ ಜಿಪ್ಪನ್ನು ಸೊಂಟದ ತನಕ ಎಳೆದುಬಿಟ್ಟಿತ್ತು. ಅವನ ತೂತು ಬಿದ್ದ ಬನಿಯನ್ ಕಂಡು ಮಕ್ಕಳೂ ದೊಡ್ಡವರೂ ನಕ್ಕರು. ಅವನೂ ನಕ್ಕ. ವಾಪಸು ಬರುವಾಗ ಮಾತ್ರ ವ್ಯಾನಿನ ಸೀಟಿಗೆ ಬೆನ್ನು ಒತ್ತಿಕೊಂಡೇ ಕುಳಿತಿದ್ದ.

ಅದರ ಮುಂದಿನ ಭಾನುವಾರ ವ್ಯಾನಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಇದ್ದೆವು. ಉಳಿದ ಇಬ್ಬರು ಆಗಲೇ ಇಳಿದು ನದಿಯ ಕಡೆ ಹೋಗಿದ್ದರು. ಅವನು ನನಗೆ ಬೆನ್ನು ಮಾಡಿ ಕುಳಿತ.

“ಅಕ್ಕಾ, ಜಿಪ್ಪಿನ ಮ್ಯಾಲ ನಾಕ ಟಾಕಾ ಹಾಕಿಬಿಡ.”

“ತಗಿಯಾಕ ಬರೂದಿಲ್ಲೋ ಹುಚ್ಚಾ.”

“ಪಾರ್ಟಿ ಮುಗದ ಮ್ಯಾಲ ನೀನ ಕತ್ತರಸ್ತೀಯಲ್ಲ.”

“ನಡಬರಕ ಒಂದಕ್ಕ ಬಂದ್ರ?”

“ಹೀರೋಗೋಳು ಒಂದಕ್ಕ ಹೋಗೂದಿಲ್ಲಕ್ಕಾ. ಹಾಕ, ಹಾಕ, ಲಗೂನ.”

ಅವನು ನಾಲ್ಕು ಕೇಳಿದ್ದ. ನಾನು ಕುತ್ತಿಗೆಯ ಹತ್ತಿರ ಎರಡೆಳೆ ದಾರದಲ್ಲಿ ಹನ್ನೊಂದು ಹೊಲಿಗೆ ಹಾಕಿದೆ, ಗಟ್ಟಿಯಾಗಿರಲಿ ಎಂದು.

ಹುಟ್ಟುಹಬ್ಬ ಜುವಾರಿ ದಂಡೆಯ ಒಂದು ಬಂಗಲೆಯಲ್ಲಿತ್ತು. ಹೀರೋಗಳು ನೀರಿನ ಮೇಲಿಂದ ಬರಬೇಕೆಂಬುದು ಆ ಮನೆಯವರ ಆಸೆ. ಸ್ವಲ್ಪ ದೂರದಿಂದ ನಮ್ಮನ್ನು ಒಂದು ಮೋಟಾರು ದೋಣಿಗೆ ಹತ್ತಿಸಿದರು. ದೋಣಿಯಲ್ಲಿ ಲೈಫ್ ಜಾಕೆಟ್‌ಗಳಿದ್ದವು. ಹಾಕಿಕೊಂಡರೆ ಎದೆಯ ಮೇಲಿನ ಚಿತ್ರ ಮುಚ್ಚಿಹೋಗುತ್ತದೆಂದು ಅವುಗಳನ್ನು ಕೆಳಗೆ ಹಾಸಿ ಅವುಗಳ ಮೇಲೆಯೇ ಕುಳಿತೆವು.

“ಹಾರಿ ಹೋಗೂ ಮಂದಿನ್ನ ದೋಣ್ಯಾಗ ಹಾಕ್ಕೊಂಡ ಹೊಂಟಾರ ನೋಡ್ರಿ,” ಎಂದ ಹಸಿರು.

“ನೀ ಹಾರಿದ್ರ ಆಕಾಶ ಹರೀತೈತಿ, ಸುಮ್ನ ಕುಂದ್ರಲೇ,” ಎಂದ ನೀಲಿ. ಅವನ ಬಾಯಿಂದ ನಾನು ಆ ದಿನ ಕೇಳಿದ ಕೊನೆಯ ಮಾತು ಅದೇ.

ದಂಡೆ ಹತ್ತಿರವಾಯಿತು. ಮಕ್ಕಳು ಕಿರುಚಿದರು, ಎಲ್ಲರ ಮೊಬೈಲುಗಳೂ ಒಟ್ಟಿಗೆ ಮೇಲೆದ್ದವು. ಮೊಬೈಲು ಎದ್ದರೆ ನಾವು ಎದ್ದು ನಿಲ್ಲುತ್ತೇವೆ. ಒಬ್ಬರ ಪಕ್ಕ ಒಬ್ಬರು, ಸೊಂಟಕ್ಕೆ ಕೈ, ಗಲ್ಲ ಮೇಲೆ. ಎರಡು ವರ್ಷದ ಅಭ್ಯಾಸ ಅದು, ಯಾರೂ ಯೋಚಿಸಲಿಲ್ಲ. ನಾಲ್ವರೂ ದಂಡೆಗೆ ಮುಖ ಮಾಡಿ ದೋಣಿಯ ಒಂದೇ ಅಂಚಿಗೆ ನಿಂತುಬಿಟ್ಟೆವು. ದೋಣಿಯವನು ಕೊಂಕಣಿಯಲ್ಲಿ ಕೂಗುತ್ತಿದ್ದ. ಅದೇ ಹೊತ್ತಿಗೆ ನದಿಯ ನಡುವೆ ಅದಿರು ಸಾಗಿಸುವ ಎರಡು ಬಾರ್ಜುಗಳು ಒಂದರ ಹಿಂದೊಂದು ಒಳನಾಡಿನ ಕಡೆ ಹೊರಟಿದ್ದವು. ಮೊದಲನೆಯದು ಎಬ್ಬಿಸಿದ ಅಲೆ ಬಂದು ದೋಣಿಯ ಹೊಟ್ಟೆಗೆ ಬಡಿಯಿತು, ಅಷ್ಟೇ ಸಾಕಾಯಿತು.

ನೀರಿನಿಂದ ತಲೆ ಎತ್ತಿದಾಗ ಮೊದಲು ಕೇಳಿಸಿದ್ದು ಚಪ್ಪಾಳೆ. ಇದೂ ಆಟದ ಭಾಗವೆಂದು ಮಕ್ಕಳು ತಿಳಿದಿದ್ದರು.

ದೋಣಿಯವನು ನನ್ನ ಮೇಲುಹೊದಿಕೆಯ ತುದಿ ಹಿಡಿದು ಎಳೆದುಕೊಂಡ. ಹಸಿರು ಮಗುಚಿದ ದೋಣಿಯನ್ನು ಅಪ್ಪಿಕೊಂಡಿದ್ದ. ಕಪ್ಪು ಮುಖವಾಡ ಕಿತ್ತೆಸೆದು ಈಜುತ್ತಿದ್ದ. ನೀಲಿ ನಮ್ಮಿಂದ ದೂರ, ನದಿಯ ನಡುವಿಗೆ ಹೋಗಿಬಿಟ್ಟಿದ್ದ. ಸ್ಪಂಜು ಅವನನ್ನು ಸ್ವಲ್ಪ ಹೊತ್ತು ತೇಲಿಸಿತು, ಆಮೇಲೆ ನೀರು ಕುಡಿದು ಭಾರವಾಗತೊಡಗಿತು. ಅವನು ಈಜುತ್ತಿರಲಿಲ್ಲ. ಅವನ ಎರಡೂ ಕೈಗಳು ಬೆನ್ನ ಹಿಂದೆ ಇದ್ದವು. ಏನು ಮಾಡುತ್ತಿದ್ದಾನೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟರಲ್ಲಿ ಎರಡನೆಯ ಬಾರ್ಜು ನಮ್ಮ ಮತ್ತು ಅವನ ನಡುವೆ ಬಂತು. ಗೋಡೆಯಂತೆ ನಿಧಾನವಾಗಿ ಸರಿದು ಅದು ಮುಂದೆ ಹೋದಾಗ ಆಚೆ ಬರೀ ನೀರು.

ಇಳಿತದ ಹೊತ್ತಾದ್ದರಿಂದ ಅವನು ಸಮುದ್ರದ ಕಡೆಗೇ ಹೋಗಿರಬೇಕೆಂದು ಎಲ್ಲರೂ ಹೇಳಿದರು. ಆ ಸಂಜೆಯೇ ನಾನು ಸಿಕ್ಕ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿದೆ. “ನೀಲಿ ಡ್ರೆಸ್ಸಿನವನು, ಸೂಪರ್‌ಹೀರೋ ವೇಷ, ಮುಖವಾಡ ಇರಬಹುದು.” ಒಳನಾಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಫೋನೆತ್ತಿದವರು ನಕ್ಕರು. ನಾನು ಅತ್ತ ಮೇಲೆ ಸುಮ್ಮನಾಗಿ, ಅಂಥವರು ಯಾರೂ ಬಂದಿಲ್ಲ ಎಂದರು.

ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ಪೊಲೀಸರ ದೋಣಿ, ಅಗ್ನಿಶಾಮಕದವರು, ಮೀನುಗಾರರು ನೀರಿನಲ್ಲಿ ಹುಡುಕಿದರು. ನಾವು ದಂಡೆಯ ಕೆಸರಿನಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೊಣಕಾಲುದ್ದ ಹೂತುಕೊಂಡು ನಡೆದೆವು. ಕಂಡವರಿಗೆಲ್ಲ ನನ್ನ ಮೊಬೈಲಿನ ಫೋಟೋ ತೋರಿಸಿದೆ. ನಾಲ್ವರು ಸೊಂಟಕ್ಕೆ ಕೈ ಇಟ್ಟು ನಿಂತ ಫೋಟೋ. ನಮ್ಮ ಹತ್ತಿರ ಇದ್ದದ್ದೆಲ್ಲ ಅಂಥವೇ.

ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಇದರಲ್ಲಿ ಮನುಷ್ಯ ಎಲ್ಲಿದ್ದಾನೆ?” ಎಂದು ಕೊಂಕಣಿಯಲ್ಲಿ ಕೇಳಿದರು. ವ್ಯಂಗ್ಯವೆಂದು ನನಗೆ ಸಿಟ್ಟು ಬಂತು. ಮೊಬೈಲು ಕಸಿದುಕೊಂಡು ಮುಂದೆ ನಡೆದೆ.

ಎರಡನೆಯ ದಿನವೂ ಅದೇ ಕೆಸರು. ಮಧ್ಯಾಹ್ನ ಚಿಪ್ಪು ಆರಿಸುವ ಹೆಂಗಸರು ನಮ್ಮನ್ನು ಕೂಗಿದರು. ಬೇರುಗಳಲ್ಲಿ ನೀಲಿ ಬಟ್ಟೆ ಸಿಕ್ಕಿಕೊಂಡಿತ್ತು. ಹಸಿರು ಅದನ್ನು ಎಳೆದು ತೆಗೆದ: ಎದೆ, ಬೆನ್ನು, ಒಂದು ತೋಳು. ಒಳಗೆ ಯಾರೂ ಇರಲಿಲ್ಲ. ಹಸಿರು ಅದನ್ನು ಮಡಿಲಲ್ಲಿ ಹಾಕಿಕೊಂಡು ಕೆಸರಲ್ಲೇ ಕುಳಿತುಬಿಟ್ಟ. ಪೊಲೀಸರು ಅದನ್ನು ನೋಡಿ ಬರೆದುಕೊಂಡರು. ಇನ್ನು ಆಸೆ ಇಟ್ಟುಕೊಳ್ಳಬೇಡಿ, ಹೆಣ ತಾನಾಗಿ ಮೇಲೆ ಬರುತ್ತದೆ ಎಂದರು. ಅವನ ಮನೆಯ ಮುಂದೆ ಆಗಲೇ ಯಾರೋ ಕುರ್ಚಿ ಹಾಕಿಸಿದ್ದರು, ಮಸೀದಿಯ ಹಿರಿಯರು ಬಂದು ಕುಳಿತಿದ್ದರು. ಗುರುತು ಹಿಡಿಯಲಿ ಎಂದು ಆ ಬಟ್ಟೆಯನ್ನು ಅವನ ಅಮ್ಮಿಯ ಮುಂದಿಟ್ಟರು.

ಅವರು ಬ್ಲೌಸ್ ಹೊಲಿದು ಮನೆ ನಡೆಸಿದವರು. ಅಳುತ್ತಾರೆಂದು ನಾವು ಕಾದೆವು. ಅವರು ಕನ್ನಡಕ ಹಾಕಿಕೊಂಡು ಬಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತ ಕುತ್ತಿಗೆಯಿಂದ ಸೊಂಟದವರೆಗೆ ಹೋದರು. ಬೆನ್ನಿನ ಭಾಗ ತಿರುಗಿಸಿದರು. ಅಲ್ಲಿ ನನ್ನ ಟಾಕಾಗಳು ಹಾಗೇ ಇದ್ದವು, ಹನ್ನೊಂದೂ.

“ಇದು ಹರದಿದ್ದಲ್ಲ,” ಎಂದರು. “ಮುಂದಿನ ಮಗ್ಗಲಾ ಕತ್ತರಸ್ಯಾರ. ನೆಟ್ಟಗ ಚಾಕು ಹಾಕ್ಯಾರ ನೋಡು. ಕಲ್ಲಿಗಿ ತಾಗಿದ್ರ ಹಿಂಗ ಅಕ್ಕೈತೇನು? ಯಾರರೆ ಅವನ್ನ ಮ್ಯಾಲ ತಗೊಂಡಾರ.”

ಕಪ್ಪು ಮೆಲ್ಲಗೆ, “ಅಮ್ಮೀ, ಎಲ್ಲಾ ದವಾಖಾನಿ ಕೇಳೇವ್ರಿ,” ಎಂದ.

“ಏನಂತ ಕೇಳೀರಿ?”

“ನೀಲಿ ಡ್ರೆಸ್ ಹಾಕ್ಕೊಂಡಾಂವ ಬಂದಾನೇನಂತ...”

“ಡ್ರೆಸ್ ಇಲ್ಲೈತೆಲ್ಲೋ ಮುಠ್ಠಾಳಾ! ಅಂವಾ ಇನ್ನ ನೀಲಿ ಹೆಂಗ ಇರ್ತಾನ? ನನ್ನ ಮಗಾ ಹೆಂಗ ಅದಾನ ಅಂತ ಯಾರಿಗರೆ ಹೇಳೀರೇನು ಒಬ್ರರೆ?”

ನಾವು ಹೇಳಿರಲಿಲ್ಲ. ಎಡಗೈಯ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ, ಮುಂದಿನ ಅರ್ಧ ಮುರಿದ ಹಲ್ಲು, ಗಿಡ್ಡನೆಯ ಕುತ್ತಿಗೆ. ಇದೆಲ್ಲ ನಮಗೆ ಗೊತ್ತಿತ್ತು. ಒಂದನ್ನೂ ಯಾರಿಗೂ ಹೇಳಿರಲಿಲ್ಲ. ಅಮ್ಮಿ ತಮ್ಮ ಮೊಬೈಲಿನಿಂದ ಹಬ್ಬದ ದಿನ ತೆಗೆದ ಅವನ ಫೋಟೋ ಕಳಿಸಿದರು. ಬಿಳಿ ಜುಬ್ಬಾ, ನಗುಮುಖ. ನಾನು ಮತ್ತೆ ಅದೇ ಆಸ್ಪತ್ರೆಗಳಿಗೆ ಫೋನು ಹಚ್ಚಿದೆ. ಮೊದಲು ನಕ್ಕಿದ್ದ ಆಸ್ಪತ್ರೆಯಲ್ಲಿ ಈ ಸಲ ಒಬ್ಬ ಹೆಣ್ಣುಮಗಳು ಎತ್ತಿಕೊಂಡರು. ಹೆಸರು ತಿಳಿಯದ ಒಬ್ಬ ಇದ್ದಾನೆ, ಭಾನುವಾರ ಬಂದದ್ದು, ಬನಿಯನ್ ಚಡ್ಡಿಯಲ್ಲಿದ್ದ, ಬಾರ್ಜಿನ ಕೂಲಿಯವನೆಂದು ಬರೆದುಕೊಂಡಿದ್ದೇವೆ, ಎಂದರು. ಕೈಯಲ್ಲಿ ಕಲೆ ಇದೆಯೇ ಎಂದು ಕೇಳಿದೆ. ನೋಡಿ ಬರುತ್ತೇನೆಂದು ಹೋದವರು ವಾಪಸು ಬಂದು, ಇದೆ, ಎಡಗೈಯ ಮೇಲೆ, ಎಂದರು.

ಎರಡನೆಯ ಬಾರ್ಜಿನವರು ಅವನನ್ನು ಎತ್ತಿ, ಮೀನು ಕೊಯ್ಯುವ ಚಾಕುವಿನಿಂದ ಡ್ರೆಸ್ ಸೀಳಿ ನೀರಿಗೆಸೆದು, ನದಿಯ ಮೇಲ್ಭಾಗದಲ್ಲಿ ಬಾರ್ಜು ನಿಲ್ಲುವ ಧಕ್ಕೆಯಲ್ಲಿ ಅಂಬುಲೆನ್ಸಿಗೆ ಹತ್ತಿಸಿದ್ದರು. ಸೀಳಿದ ಬಟ್ಟೆ ಇಳಿತದ ಜೊತೆ ಕೆಳಗೆ ಬಂದಿತ್ತು. ನಾವು ಎರಡು ದಿನ ಆ ಬಟ್ಟೆಯನ್ನು ಹುಡುಕಿಕೊಂಡು ಹೋಗಿದ್ದೆವು.

ಮೂರನೆಯ ದಿನ ಬೆಳಿಗ್ಗೆ ವಾರ್ಡಿಗೆ ಹೋದೆವು. ಅವನ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ತುಂಬ ಹೊತ್ತು ಉಸಿರಿಲ್ಲದೆ ಮೆದುಳಿಗೆ ಪೆಟ್ಟಾಗಿದೆ ಎಂದರು ಡಾಕ್ಟರು. ಕೈ ಯಾಕೆ ಕಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ನರ್ಸ್, ಬಿಟ್ಟರೆ ಬೆನ್ನು ಪರಚಿಕೊಳ್ಳುತ್ತಾನೆ, ರಕ್ತ ಬರುವ ಹಾಗೆ, ಯಾಕೋ ಗೊತ್ತಿಲ್ಲ ಎಂದರು.

ನಾನು ಹೊರಗೆ ಬಂದು ಗೋಡೆಗೆ ಒರಗಿದೆ. ಅಮ್ಮಿ ಹಿಂದೆಯೇ ಬಂದರು.

“ಅಮ್ಮೀ, ಆ ಟಾಕಾ ನಾ ಹಾಕಿದ್ರಿ.”

“ಗೊತ್ತೈತಿ. ಅಂಥಾ ಹೊಲಸ ಹೊಲಿಗಿ ನಮ್ಮ ಓಣ್ಯಾಗ ಮತ್ತ ಯಾರು ಹಾಕ್ತಾರ?” ಎಂದರು. ಅವರ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಹೋಗು, ಒಳಗ ಕುಂದ್ರು. ಕೈ ಬಿಚ್ಚಸ್ತೇನಿ. ಪರಚಾಕ ಹತ್ತಿದ್ರ ಹಿಡಕೋ.”

ನಾನು ಸಂಜೆಯವರೆಗೆ ಹಿಡಿದುಕೊಂಡು ಕುಳಿತೆ. “ಟಾಕಾ ತಗದೇನೋ, ತಗದೇನಿ,” ಎನ್ನುತ್ತಿದ್ದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಈಗ ಅವನು ಮನೆಯಲ್ಲಿದ್ದಾನೆ. ನಡೆಯುತ್ತಾನೆ, ಮಾತಾಡುತ್ತಾನೆ, ಮಾತಿನ ನಡುವೆ ಶಬ್ದಗಳನ್ನು ಹುಡುಕುತ್ತಾನೆ. ಬಚ್ಚಲ ಬಾಗಿಲು ಹಾಕಗೊಡುವುದಿಲ್ಲ. ಉಳಿದಿಬ್ಬರು ವೇಷ ಬಿಟ್ಟಿದ್ದಾರೆ. ಆ ಭಾನುವಾರ ಅವನ ತಲೆಯಲ್ಲಿ ಇಲ್ಲವೇ ಇಲ್ಲ. ಅದರ ಹಿಂದಿನ ಕೆಲವು ವಾರಗಳೂ ಇಲ್ಲ. “ನಾ ಹೆಂಗ ಬಿದ್ನಿ ಅಕ್ಕಾ?” ಎಂದು ಎಷ್ಟೋ ಸಲ ಕೇಳಿದ್ದಾನೆ. ನಾನು ಬಾರ್ಜು ಹೇಳುತ್ತೇನೆ, ಅಲೆ ಹೇಳುತ್ತೇನೆ, ನಾವು ಎದ್ದು ನಿಂತದ್ದನ್ನು ಹೇಳುತ್ತೇನೆ. ಟಾಕಾದ ಮಾತು ಬರುವ ಮೊದಲು ಎದ್ದು ಬರುತ್ತಿದ್ದೆ.

ಹೋದ ವಾರ ಹೇಳಿದೆ, ಎಲ್ಲವನ್ನೂ. ವ್ಯಾನು, ದಾರ, ಹನ್ನೊಂದು.

ಅವನು ತನ್ನ ಅಂಗೈ ನೋಡಿಕೊಂಡ. “ನಾನ ಹೇಳಿದ್ನ್ಯಾ, ಹೊಲಿ ಅಂತ?”

“ಹೌದು. ನೀನ ಹೇಳಿದಿ.”

“ಮತ್ತ್ಯಾರಿದ್ರು?”

“ಯಾರೂ ಇರಲಿಲ್ಲ. ನೀ, ನಾ, ಅಷ್ಟ.”

“ನನಗ ನೆಪ್ಪ ಇಲ್ಲಲ್ಲ ಅಕ್ಕಾ,” ಎಂದ. ತಪ್ಪು ತನ್ನದೇ ಎಂಬಂತೆ ಇತ್ತು ಆ ದನಿ. “ನೀ ಹೇಳ್ತಿ ಅಂದ್ರ ಹೌದಿರಬೇಕು,” ಎಂದು ಗೋಡೆಯ ಕಡೆ ಹೊರಳಿ ಮಲಗಿದ.