ಪುಸ್ತಕದಲ್ಲಿ ಬರೆಯದ ಜೋಮು

ಹೇಗಿದ್ದೀಯಾ ಎಂದು ಕೇಳುವವರ ಮಾತು ಮುಗಿಯುವ ಮೊದಲೇ ‘ಆರಾಮ’ ಎಂದುಬಿಡುವವರ ಪೈಕಿ ನಾನು. ಸಿರುಗುಪ್ಪದ ತವರಿನಲ್ಲಿ ಅವ್ವ ಕಲಿಸಿದ್ದೇ ಹಾಗೆ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಯಾರಾದರೂ ಕೇಳಿದರೆ, “ಅಲ್ಲಾ ಚೊಲೊ ಇಟ್ಟಾನ, ಆರಾಮ ಅದೀನಿ” ಅನ್ನಬೇಕು. ತ್ರಾಸು ತೋಡಿಕೊಂಡರೆ ಅವನ ಮೇಲೆಯೇ ದೂರು ಹೇಳಿದಂತೆ ಎನ್ನುವುದು ಅವಳ ನಂಬಿಕೆ. ನನಗೂ ಅದೇ ಅಂಟಿಕೊಂಡಿತು.

ಎದೆಯ ಗಡ್ಡೆ ತೆಗೆಸಿದ ಮೇಲೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಒಂದು ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದರು. ನಮ್ಮ ಓಣಿಯ ಗಂಡಸರೆಲ್ಲ ಅದಿರಿನ ಲಾರಿಗಳ ಹಿಂದೆ ಬಿದ್ದಿದ್ದ ವರ್ಷಗಳವು. ನನ್ನ ಗಂಡನೂ ಮನೆಗಿಂತ ಲಾರಿಯಲ್ಲೇ ಹೆಚ್ಚು ಇರುತ್ತಿದ್ದ. ಹಾಗಾಗಿ ಕುರುಗೋಡಿನಿಂದ ಅಕ್ಕ ಬಂದು ನನ್ನ ಜೊತೆಗಿದ್ದಳು. ಡಾಕ್ಟರಮ್ಮ ಒಪ್ಪಿಗೆ ಪತ್ರದ ಹಾಳೆಗಳನ್ನೆಲ್ಲ ಸಾವಧಾನವಾಗಿ ಓದಿ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಒಂದೇ ಸಾಲು: ತೊಂದರೆ ಹೆಚ್ಚಾದರೆ ಔಷಧ ನಿಲ್ಲಿಸಬಹುದು. ಬದುಕಲು ಅದೊಂದೇ ದಾರಿ ಎಂದು ನಂಬಿಬಿಟ್ಟಿದ್ದೆ. ಏನೇ ಆದರೂ ತೊಂದರೆ ಎಂಬ ಮಾತು ಎತ್ತಬಾರದು ಎಂದು ಸಹಿ ಹಾಕುವಾಗಲೇ ತೀರ್ಮಾನಿಸಿದೆ.

ಮನೆಯಲ್ಲಿ ತುಂಬಲು ಒಂದು ಪುಸ್ತಕ ಕೊಟ್ಟರು. ದಿನಕ್ಕೊಂದು ಪುಟ. ವಾಂತಿ, ಭೇದಿ, ಬಾಯಿಹುಣ್ಣು, ಕೈಕಾಲು ಜೋಮು, ಎಲ್ಲದರ ಮುಂದೆಯೂ ‘ಇದೆ’ ಅಥವಾ ‘ಇಲ್ಲ’ ಎಂದು ಬರೆಯಬೇಕು. ವಾಂತಿಯನ್ನು ಮುಚ್ಚಿಡುವಂತಿರಲಿಲ್ಲ, ಬರೆದೆ. ಜೋಮು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ.

ನಾನು ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟುಗಳಿಗೆ ಲೇಬಲ್ ಹೊಲಿದು, ಉಳಿದ ದಾರ ಕತ್ತರಿಸಿ ಕೊಡುತ್ತಿದ್ದೆ. ಒಂದು ದಿನ ಪ್ಯಾಂಟಿನ ಪಟ್ಟಿಯ ಮೇಲೆ ಕಲೆ ಕಂಡು, ಏನು ಚೆಲ್ಲಿದೆ ಎಂದು ಅಕ್ಕನನ್ನು ಬೈದೆ. ಅದು ರಕ್ತ. ಸೂಜಿ ನನ್ನ ಬೆರಳಿನಲ್ಲೇ ನಟ್ಟಿತ್ತು. ಇನ್ನೊಂದು ದಿನ ಲಾರಿ ಓಡಾಡುವ ರಸ್ತೆ ದಾಟಿ ಅಂಗಡಿಗೆ ಹೋಗಿ ಬಂದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಕಳಚಿತೋ ಗೊತ್ತೇ ಆಗಿರಲಿಲ್ಲ. ಅಕ್ಕ ಧೂಳಿಗೆ ಕೆಂಪಾದ ಅಂಗಾಲು ತೊಳೆದು, ಪುಸ್ತಕ ಎತ್ತಿಕೊಂಡಳು. ಅಷ್ಟು ಹೊತ್ತಿಗೆ ನನ್ನ ಬೆರಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲವಾದ್ದರಿಂದ ಬರೆಯುವ ಕೆಲಸವೂ ಅವಳಿಗೇ ಬಿದ್ದಿತ್ತು.

“ಇವತ್ತೂ ಇಲ್ಲ ಅಂತನ ಬರೀಲೇನ?”

“ಮತ್ತೇನ? ಬರಿ.”

ಹೆದರಿಕೆಯಾಗಲಿಲ್ಲ, ಅಳುವೂ ಬರಲಿಲ್ಲ. ಬೇರೆ ಯಾರದೋ ಕಾಲನ್ನು ನೋಡಿದಂತಿತ್ತು.

ಆ ದಿನಗಳಲ್ಲೇ ಆಸ್ಪತ್ರೆಯ ಬೆಂಚಿನಲ್ಲಿ ತೆಕ್ಕಲಕೋಟೆಯ ಒಬ್ಬಾಕೆ ನನ್ನ ಪಕ್ಕ ಬಂದು ಕೂತಳು. ಭತ್ತದ ಗದ್ದೆಯಲ್ಲಿ ಸಸಿ ನಾಟುವವಳು. ಅದೇ ಪ್ರಯೋಗದ ಒಪ್ಪಿಗೆ ಪತ್ರ ಅವಳ ಕೈಯಲ್ಲಿತ್ತು, ಇನ್ನೂ ಸಹಿ ಹಾಕಿರಲಿಲ್ಲ.

“ಅಕ್ಕಾರ, ನೀವು ಇದನ್ನ ತಗೊಳ್ಳಾಕತ್ತೀರಂತ. ಖರೇ ಹೇಳ್ರಿ, ಏನಾರ ತ್ರಾಸ ಆತೇನ್ರಿ? ಕೈಕಾಲು ಜೋಮು ಹಿಡೀಬೌದು ಅಂದಾರ.”

ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡೆ. “ಏನೂ ಇಲ್ಲವ್ವಾ. ಅಲ್ಲಾ ಚೊಲೊ ಇಟ್ಟಾನ, ಆರಾಮ ಅದೀನಿ.”

ಅವಳ ಮುಖ ಹಗುರಾಯಿತು. ಒಳಗೆ ಹೋಗಿ ಸಹಿ ಹಾಕಿ ಬಂದಳು.

ಮೂರು ತಿಂಗಳಾದ ಮೇಲೆ ಮತ್ತೆ ಅದೇ ಬೆಂಚು. ಅವಳು ಬುತ್ತಿ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು. ತೆಗೆಯಲಾಗದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದನಿ ತಗ್ಗಿಸಿದಳು.

“ಅಕ್ಕಾರ, ಯಾರ ಮುಂದೂ ಅನ್ನಬ್ಯಾಡ್ರಿ. ನನ್ನ ಬೆರಳು ಸತ್ತಂಗ ಆಗ್ಯಾವು. ಸಸಿ ಕೈಯಾಗ ಐತೋ ಇಲ್ಲೋ ತಿಳಿಯಂಗಿಲ್ಲ.”

“ಡಾಕ್ಟರಮ್ಮಗ ಹೇಳಿಲ್ಲೇನು?”

“ಹೆಂಗ ಹೇಳ್ಲಿ? ಅದನ್ನ ತಗೊಂಡೂ ನೀವು ಆರಾಮ ಅದೀರಿ. ನನಗೊಬ್ಬಾಕಿಗೇ ಹಿಂಗಾತು ಅಂದ್ರ, ನನ್ನ ಮೈಯಾಗ ಏನೋ ಐಬು ಐತಿ ಅಂತ ಬಿಡಿಸಿಬಿಡ್ತಾರ. ಅದಕ್ಕ ಪುಸ್ತಕದಾಗ ಇಲ್ಲ ಅಂತ ಬರಸೀನಿ.”

ನನಗೆ ನಾಚಿಕೆಯಾಯಿತು. ಅಷ್ಟು ತಿಂಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.

“ನನ್ನ ಬೆರಳೂ ಸತ್ತಾವವ್ವಾ. ನಿನಗ ಸುಳ್ಳ ಹೇಳಿದೆ” ಎಂದೆ. ಅವಳು ನನ್ನ ಮುಖ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಬ್ಬರೂ ಕೂಡಿಯೇ ಒಳಗೆ ಹೋಗಿ ಹೇಳಿದೆವು. ಡಾಕ್ಟರಮ್ಮ ನಮ್ಮ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಮೊದಲ ಹೇಳಿದ್ರ ಡೋಸ್ ಕಡಿಮಿ ಮಾಡ್ತಿದ್ವಿ. ನಿಮ್ಮ ಪುಸ್ತಕ ನೋಡೇ ಮುಂದಿನೋರಿಗೆ ಎಷ್ಟು ಕೊಡಬೇಕಂತ ಗೊತ್ತಾಗೋದ್ರಿ.”

ನನ್ನ ಜೊತೆ ಬಂದಿದ್ದ ಅಕ್ಕ, ಹಳೆಯದನ್ನು ಹರಿದು ಹೊಸ ಪುಸ್ತಕ ಬರೆದುಕೊಡುತ್ತೇವೆ ಎಂದಳು. ಹಾಗೆ ಮಾಡುವಂತಿಲ್ಲವಂತೆ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ನಿಜ ಬರೆದು, ಅವತ್ತಿನ ತಾರೀಖು ಹಾಕಿ ಸಹಿ ಮಾಡಬೇಕು. ಅಕ್ಕ ಗೆರೆ ಎಳೆಯುತ್ತ ಹೋದಳು, ನಾನು ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ಸೊಟ್ಟಸೊಟ್ಟ ಸಹಿ ಹಾಕಿದೆ. ನಾನು ಹೇಳಿದ ಸುಳ್ಳು ಒಂದೂ ಅಳಿಸಿಹೋಗಲಿಲ್ಲ.

ಇಬ್ಬರಿಗೂ ಡೋಸ್ ಇಳಿಸಿದರು. ತೆಕ್ಕಲಕೋಟೆಯವಳ ಬೆರಳಿಗೆ ನಿಧಾನವಾಗಿ ಜೀವ ಬಂತು, ನನ್ನದು ಹಾಗೇ ಉಳಿಯಿತು. ಔಷಧ ಮುಗಿದ ಎಷ್ಟೋ ತಿಂಗಳ ಮೇಲೆ ತಪಾಸಣೆಗೆ ಹೋದಾಗ ಅವಳು ಬಾಗಿಲಲ್ಲೇ ಸಿಕ್ಕಳು.

“ಹೆಂಗ ಅದೀರಿ ಅಕ್ಕಾರ?”

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. “ಕೈ ಇನ್ನೂ ಹಂಗ ಐತವ್ವಾ” ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಕೆಳಗೆ ನೋಡಿದ ಮೇಲೆ ಅದು ನನಗೆ ತಿಳಿಯಿತು.