ಬೋರಣ್ಣ ತೋಟೆ ಹಾಕಲಿಲ್ಲ

ಬೋರಣ್ಣ ಹೊಳೆಗೆ ತೋಟೆ ಹಾಕಲಿಲ್ಲ. ಹಾಕಿದನೆಂದು ನಂಬಿಸಿದವನು ನಾನು. ಬಾಯಿ ತಪ್ಪಿ ಆಡಿದ ಮಾತಲ್ಲ ಅದು. ತಿಳಿದೂ ತಿಳಿದೂ, ಹಟ್ಟಹಗಲಿನಲ್ಲಿ, ಇಡೀ ಊರಿನ ಎದುರಿಗೆ ಹೇಳಿದ ಸುಳ್ಳು. ನನ್ನ ಹೆಸರು ಸಿದ್ದೇಗೌಡ, ಎಸ್ಸೆಸ್ಸೆಲ್ಸಿ ಪಾಸಾದವನು, ಕನಕಪುರ ತಾಲ್ಲೂಕಿನ ಹೊಳೆದಂಡೆಯ ಊರಿನವನು. ಈಗ ಎಪ್ಪತ್ತೆರಡು ವರ್ಷ. ಈ ವಯಸ್ಸಿನಲ್ಲಿ ಹಳೆಯದನ್ನು ಕೆದಕುವುದೇಕೆ ಎಂದು ಮನೆಯವರು ಕೇಳುತ್ತಾರೆ. ಹಳೆಯದಂತೆ! ಯಾರಿಗೆ ಹಳೆಯದು? ನನಗೆ ಹಳೆಯದಾಗಿರಬಹುದು. ಅವನ ಬೆನ್ನಿಗೆ ಅದು ಇಂದಿಗೂ ಅಂಟಿಕೊಂಡಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅರ್ಕಾವತಿ ಬಂದು ಕಾವೇರಿಯನ್ನು ಸೇರುವ ಸಂಗಮದ ಬಳಿ ಒಂದು ಖಾಸಗಿ ಕ್ಯಾಂಪ್ ಇತ್ತು. ಶಿವರಾತ್ರಿ ಕಳೆದು, ಹೊಳೆ ಇಳಿದು ನೀರು ತಿಳಿಯಾದರೆ ಸಾಕು, ಗಾಳ ಹಾಕುವ ಶೋಕಿಯವರು ದೂರದೂರದಿಂದ ಬರುತ್ತಿದ್ದರು. ಅವರಿಗೆ ಬೇಕಾದದ್ದು ಬಿಳಿಮೀನು. ಅವರ ಬಾಯಲ್ಲಿ ಅದು ಮಹಸೀರ್. ಮೈಮೇಲೆ ಎಳೆಯ ಮಗುವಿನ ಅಂಗೈಯಷ್ಟು ಅಗಲದ ಹುರುಪೆ, ಗಾಳ ಕಚ್ಚಿದರೆ ಹರಿಗೋಲನ್ನೇ ಎಳೆದುಕೊಂಡು ಹೋಗುವ ಶಕ್ತಿ. ಅದನ್ನು ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುತ್ತಿದ್ದರು. ಬಟ್ಟೆ ಒಗೆಯಲು ಬಂದ ನಮ್ಮೂರ ಹೆಂಗಸರು ನಗುತ್ತಿದ್ದರು: "ಸಾರಿಗಿಲ್ದ ಮೀನಿಗೆ ಇಷ್ಟೊಂದ್ ಒದ್ದಾಟ್ವಾ? ತಲೆ ಕೆಟ್ಟೋರು ಕಣವ್ವ!"

ನಾವು ನಾಲ್ಕು ಜನ ಗೈಡುಗಳು. ಹರಿಗೋಲಿಗೆ ಹುಟ್ಟು ಹಾಕುವುದು, ಮೀನಿರುವ ಮಡು ತೋರಿಸುವುದು, ರಾಗಿಹಿಟ್ಟು ಬೇಯಿಸಿ ಗಾಳಕ್ಕೆ ಉಂಡೆ ಕಟ್ಟುವುದು ನಮ್ಮ ಕೆಲಸ. ಇದಿಷ್ಟನ್ನೂ ನನಗೆ ಕಲಿಸಿದವನು ಬೋರಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು, ಹರಿಗೋಲಿನ ಮೇಲೆಯೇ ಬೆಳೆದವನು. ಗಾಳದ ಉಂಡೆ ಊಟದ ಮುದ್ದೆಗಿಂತ ಗಟ್ಟಿಯಿರಬೇಕು, ಇಂಗು ಹಾಕಿ ನಾದಬೇಕು, ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಸೀಳು ಬಿಡಬಾರದು—ಎಲ್ಲ ಅವನು ಹೇಳಿಕೊಟ್ಟದ್ದು. ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು, ಸೆಳೆತ ಯಾವುದು, ಮೀನು ಮೂಸಿದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಪ್ರಾಯದಲ್ಲಿ ಅವನು ತೋಟೆಯವನಾಗಿದ್ದ. ಸಿಡಿಮದ್ದಿಗೆ ಬತ್ತಿ ಹೊತ್ತಿಸಿ ಮಡುವಿಗೆಸೆದು ಮೀನು ಕೊಲ್ಲುವುದನ್ನು ನಮ್ಮ ಕಡೆ ತೋಟೆ ಹಾಕುವುದು ಎನ್ನುತ್ತಾರೆ. ಊರಿಗೆಲ್ಲ ಅವನು 'ತೋಟೆ ಬೋರ'. ಕ್ಯಾಂಪಿಗೆ ಸೇರಿದ ದಿನ ಹೊಳೆಯಲ್ಲಿ ಮುಳುಗೆದ್ದು ಅದನ್ನು ಬಿಟ್ಟ. ಬಿಟ್ಟಿದ್ದಷ್ಟೇ ಅಲ್ಲ, ಬೇರೆಯವರು ತೋಟೆ ಹಿಡಿದು ಬಂದರೆ ತಾನೇ ಅಟ್ಟಿಸಿಕೊಂಡು ಹೋಗುತ್ತಿದ್ದ. ಎಂಟು ಹತ್ತು ವರ್ಷದಲ್ಲಿ ಜನ ಆ ಹೆಸರು ಮರೆತು ಬೋರಣ್ಣ ಎನ್ನತೊಡಗಿದ್ದರು. ಆ 'ಅಣ್ಣ'ನನ್ನು ಅವನು ದುಡಿದು ಸಂಪಾದಿಸಿದ್ದ. ನಾನು ಅದನ್ನು ಒಂದು ಮಾತಿನಲ್ಲಿ ಕಿತ್ತುಕೊಂಡೆ.

ಹೇಗೆ ಎಂದು ಹೇಳುತ್ತೇನೆ. ಅತಿಥಿಗಳು ಬರುವ ಒಂದೆರಡು ದಿನ ಮೊದಲು ಮಡುವಿಗೆ ರಾಗಿ ಉಂಡೆಗಳನ್ನು ಹಾಕಿ ಮೀನುಗಳನ್ನು ಸೇರಿಸುವುದು ನಮ್ಮ ಕಸುಬಿನ ಪದ್ಧತಿ. ಆದರೆ ಅದಕ್ಕೆ ಬೋರಣ್ಣನದೊಂದು ಕಟ್ಟಳೆಯಿತ್ತು. "ಅರ್ಕಾವತಿ ಬಾಯಲ್ಲಿರೋ ಮಡುವಿಗೆ ಮಾತ್ರ ಬ್ಯಾಸ್ಗೇಲಿ ಮೇವು ಹಾಕ್ಬ್ಯಾಡ ಗೌಡ. ಮೇವಿನ ರುಚಿ ಹತ್ತಿದ್ ಮೀನು ಕೆಟ್ಟ್ ನೀರು ಬಂದ್ರೂ ಜಾಗ ಬುಡಕ್ಕಿಲ್ಲ. ಕೊಟ್ಗೆ ದನ ಆಗೋಯ್ತದೆ."

ಕೆಟ್ಟ ನೀರು ಆಗ ಬರಲು ಶುರುವಾಗಿತ್ತು. ಮೇಲಿನ ಊರುಗಳಲ್ಲಿ ರಾಗಿ ಹೊಲಗಳ ಮೇಲೆ ಶೀಟು ಹೊದಿಸಿದ ಕಾರ್ಖಾನೆಗಳು ಎದ್ದಿದ್ದವು. ನಾಚಿಕೆಯಿಲ್ಲದ ಜನ—ತಮ್ಮ ಅಂಗಳಕ್ಕೆ ಹುಲ್ಲುಹಾಸು, ಗೇಟಿಗೆ ಹೂವಿನ ಬಳ್ಳಿ, ಹಿಂದಿನ ಪೈಪು ಮಾತ್ರ ಹೊಳೆಗೆ! ಅರ್ಕಾವತಿ ಒಂದು ದಿನ ನೊರೆ ಹೊತ್ತು ಬಂದರೆ ಇನ್ನೊಂದು ದಿನ ಬಣ್ಣ ಹೊತ್ತು ಬರುತ್ತಿತ್ತು. ವಾಸನೆ ತಟ್ಟಿದ ಕೂಡಲೇ ಬಿಳಿಮೀನುಗಳು ಕಾವೇರಿಯ ಕಡೆಗೆ ಓಡುತ್ತಿದ್ದವು. ಅಷ್ಟು ಬುದ್ಧಿ ಮೀನಿಗಿತ್ತು.

ಆ ವರ್ಷ ನನಗೆ ಹೊಟ್ಟೆಕಿಚ್ಚು. ಬಂದವರೆಲ್ಲ ಬೋರಣ್ಣನ ಹರಿಗೋಲನ್ನೇ ಕೇಳುತ್ತಿದ್ದರು. ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರುವವನು ನಾನು, ಓದಿದವನು ನಾನು. ಅವರಿಗೆ ಬೇಕಾದವನು ಹೆಬ್ಬೆಟ್ಟಿನ ಬೋರಣ್ಣ! ಅದಕ್ಕೇ ಅದೇ ಮಡುವಿಗೆ, ಯಾರಿಗೂ ಹೇಳದೆ, ಹದಿನೈದು ದಿನ ಎರಡು ಹೊತ್ತೂ ಉಂಡೆ ಹಾಕಿದೆ. ಮೀನು ಸೇರಿದವು. ನನ್ನ ಅತಿಥಿಗಳಿಗೆ ದಿನವೂ ಗಾಳ ಕಚ್ಚಿತು. ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದ. ಬೋರಣ್ಣನೂ ನಕ್ಕು, "ಏನ್ ಗೌಡ, ಮೀನಿಗೆ ಮಂತ್ರ ಗಿಂತ್ರ ಹಾಕಿದ್ದೀಯಾ?" ಎಂದ. ನಾನೂ ನಕ್ಕೆ. ಆ ನಗು—ಬಿಡಿ.

ಹದಿನಾರನೆಯ ದಿನ ಅರ್ಕಾವತಿ ಕೆನ್ನೇರಳೆ ಬಣ್ಣಕ್ಕೆ ತಿರುಗಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಮಡುವಿನ ತುಂಬ ಬಿಳಿ ಹೊಟ್ಟೆಗಳು. ಕೆಲವು ಇನ್ನೂ ನೀರಿನ ಮೇಲೆ ಬಾಯಿ ತೆರೆದು ಮುಚ್ಚುತ್ತಿದ್ದವು. ಕಾವೇರಿಯ ತಿಳಿನೀರು ಅಲ್ಲಿಂದ ಒಂದು ಕೂಗಳತೆ. ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಉಂಡೆಗಾಗಿ ಕಾಯುತ್ತಿದ್ದವು.

ವಿಚಾರಣೆಗೆ ಅಧಿಕಾರಿಗಳು ಬರುವ ಮೊದಲು ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದ. "ನೀರು ಕೆಟ್ಟಿದೆ ಅಂದ್ರೆ ಕ್ಯಾಂಪೇ ಮುಚ್ಚುತ್ತೆ ಗೌಡ್ರೇ. ಯಾರೋ ತೋಟೆ ಹಾಕಿದ್ರು ಅಂದ್ರೆ ಅಲ್ಲಿಗೆ ಮುಗಿಯುತ್ತೆ." ಮ್ಯಾನೇಜರನ್ನು ಮುಂದೆ ಮಾಡಿ ನಾನು ಹಿಂದೆ ಅಡಗುವುದಿಲ್ಲ. ಅವನು ಯಾರ ಹೆಸರನ್ನೂ ಹೇಳಲಿಲ್ಲ. ನಾನು ಮೇವು ಹಾಕಿದ್ದೂ ಅವನಿಗೆ ಗೊತ್ತಿರಲಿಲ್ಲ. ನನ್ನ ಹೆದರಿಕೆ ಕ್ಯಾಂಪಿನದಲ್ಲ. ಇಷ್ಟೊಂದು ಮೀನು ಒಂದೇ ಮಡುವಿನಲ್ಲಿ ಏಕೆ ಸೇರಿದ್ದವು ಎಂದು ಯಾರಾದರೂ ಕೇಳಿದರೆ? ಬೋರಣ್ಣನಂತೂ ಕೇಳಿಯೇ ಕೇಳುತ್ತಿದ್ದ.

ದಂಡೆಯ ಮೇಲೆ ಊರೇ ಸೇರಿತ್ತು. ಬೋರಣ್ಣ ಒಂದು ಮೀನನ್ನು ತೋಳಿನ ಮೇಲೆ ಮಲಗಿಸಿಕೊಂಡು ಬಂದು ಅದರ ಕಿವಿರು ಬಿಡಿಸಿ ತೋರಿಸಿದ. "ನೋಡಿ ಸಾಮಿ, ತೋಟೆ ಹೊಡ್ದಿದ್ರೆ ಬೆನ್ಮೂಳೆ ಮುರ್ದಿರೋದು. ಮುಟ್ಟಿ ನೋಡಿ, ಸರ್ಯಾಗೈತೆ. ಕಿವಿರೆಲ್ಲ ಬಣ್ಣ ಮೆತ್ಕೊಂಡೈತೆ. ಇದು ಉಸ್ರು ಕಟ್ಟಿ ಸತ್ತಿರೋದು. ನಾನು ತೋಟೆ ಹಾಕ್ದೋನು, ನಂಗೊತ್ತಿಲ್ವಾ?"

ತೋಟೆ ಹಾಕಿದವನು! ತಾನೇ ಒಪ್ಪಿಕೊಂಡ ಹಳೆಯ ಪಾಪ. ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಬೋರಣ್ಣ ನನ್ನ ಕಡೆಗೆ ತಿರುಗಿದ.

"ನೀನೇ ಒಸಿ ಬುಡಿಸಿ ಹೇಳಪ್ಪ ಗೌಡ. ನೀನು ಓದ್ದೋನು."

ನಾನು ಹೇಳಿದೆ: "ಬೆಳಗಿನ ಜಾವ ಢಂ ಅಂತ ಸದ್ದಾಯ್ತು ಸಾರ್. ಆಮೇಲೆ ಬೋರಣ್ಣ ಮಡುವಿನ ಕಡೆಯಿಂದ ಬತ್ತಿದ್ದ."

ಎರಡು ವಾಕ್ಯ. ಮೊದಲನೆಯದು ಸುಳ್ಳು. ಎರಡನೆಯದು ನಿಜ—ಅವನು ದಿನವೂ ಬೆಳಗಿನ ಜಾವ ನೀರು ನೋಡಲು ಹೋಗುತ್ತಿದ್ದ. ಆ ನಿಜವನ್ನೇ ಸುಳ್ಳಿನ ಬಾಲಕ್ಕೆ ಕಟ್ಟಿದೆ. ನಾನು ಜಮೀನುದಾರರ ಮನೆಯವನು, ಅವನು ಹರಿಗೋಲಿನವನು. ಯಾರ ಮಾತು ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಬೋರಣ್ಣ ಮೀನನ್ನು ಮೆಲ್ಲಗೆ ಮರಳಿನ ಮೇಲಿಟ್ಟ, ಅಷ್ಟೇ. ಗುಂಪಿನಲ್ಲಿ ಯಾರೋ ಕೂಗಿದರು: "ತೋಟೆ ಬೋರ ಹಳೇ ಚಾಳಿ ಬುಡ್ಲಿಲ್ಲ ಕಣ್ರಲಾ!" ಎಲ್ಲರೂ ಎಷ್ಟು ಬೇಗ ನಂಬಿದರು! ಹೊಳೆ ಕೆನ್ನೇರಳೆ ಬಣ್ಣದಲ್ಲಿ ಅವರ ಕಾಲ ಬುಡದಲ್ಲೇ ಹರಿಯುತ್ತಿತ್ತು. ಒಬ್ಬನಾದರೂ ಬಗ್ಗಿ ನೋಡಲಿಲ್ಲ. ನೋಡಿದ್ದರೆ ಪೈಪಿನವರ ಹತ್ತಿರ ಜಗಳಕ್ಕೆ ಹೋಗಬೇಕಾಗುತ್ತಿತ್ತು. ಬಡವನ ಮೇಲೆ ಕೂಗುವುದು ಸಲೀಸು.

ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಮೊಕದ್ದಮೆ ಆಯಿತು, ಸಾಕ್ಷಿ ಸಾಲದೆ ಬಿದ್ದೂಹೋಯಿತು. ಆದರೆ ಕ್ಯಾಂಪಿನ ಬಾಗಿಲು ಅವನಿಗೆ ಮುಚ್ಚಿತು, ಜಪ್ತಿಯಾದ ಹರಿಗೋಲು ಹಿಂದಿರುಗಿ ಬರಲಿಲ್ಲ, ಊರು ಅವನನ್ನು ಮಾತನಾಡಿಸಲಿಲ್ಲ. ಚನ್ನಪಟ್ಟಣದಾಚೆ ವಿರೂಪಾಕ್ಷಿಪುರದ ಹತ್ತಿರ ಮಗಳನ್ನು ಕೊಟ್ಟ ಹಳ್ಳಿಗೆ ಹೋಗಿ ರೇಷ್ಮೆ ಸೊಪ್ಪು ಕುಯ್ಯುವ ಕೂಲಿಗೆ ನಿಂತ. ನೀರಿನ ನಾಡಿ ಹಿಡಿಯುತ್ತಿದ್ದ ಕೈ ಅದು. ಅವನ ಜಾಗಕ್ಕೆ ನನ್ನನ್ನು ಹಿರಿಯ ಗೈಡ್ ಮಾಡಿದರು. ಮಾಡಿಸಿಕೊಂಡೆ. ಕ್ಯಾಂಪ್ ಮುಚ್ಚುವವರೆಗೂ ಅವನ ಕೆಲಸ ಮಾಡಿ ಅವನ ಅನ್ನ ಉಂಡೆ.

ಕಳೆದ ತಿಂಗಳು ಹಾಲಿನ ಡೈರಿಯ ಮುಂದೆ ಒಬ್ಬ ತಂದೆ ತನ್ನ ಮಗಳಿಗೆ ಹೇಳುತ್ತಿದ್ದ: "ನಮ್ಮ ಹೊಳೇಲಿ ಆಳೆತ್ತರ ಮೀನಿದ್ವು ಕಣವ್ವ. ತೋಟೆ ಬೋರ ಅನ್ನೋನು ಎಲ್ಲಾನೂ ಸಾಯಿಸ್ಬುಟ್ಟ." ಆ ಹುಡುಗಿ ಬೋರಣ್ಣನ ಮುಖವನ್ನೇ ನೋಡಿದವಳಲ್ಲ. ನಾನು ಕ್ಯಾನು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ—ಆಗಲೂ ತೆರೆಯಲಿಲ್ಲ. ಮನೆಗೆ ಬಂದಾಗ ನನ್ನ ಮೇಲೆ ನನಗೇ ಉಗಿಯುವಷ್ಟು ಸಿಟ್ಟು ಬಂತು. ಮರುದಿನ ಬಸ್ಸು ಹತ್ತಿದೆ.

ಬೋರಣ್ಣ ಮಗಳ ಮನೆಯ ಜಗಲಿಯ ಮೇಲೆ ಕುಳಿತಿದ್ದ. ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದ. ನಾನು ಅವನ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದೆ—ಮೇವಿನದ್ದು, ಸದ್ದಿನದ್ದು, ಹೊಟ್ಟೆಕಿಚ್ಚಿನದ್ದು. ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಅವನ ದನಿ ಏರಿತು.

"ಅವತ್ತು ಊರೆಲ್ಲ ಕೇಳೋ ಹಂಗೆ ಹೇಳ್ದೆ. ಇವತ್ತು ನನ್ನ ಕಿವೀಲಿ ಪಿಸುಗುಡಕ್ಕೆ ಬಂದಿದ್ದೀಯಾ? ನಾನು ಹಾಕ್ಲಿಲ್ಲ ಅಂತ ನಂಗೆ ಹೇಳ್ತೀಯಲ್ಲೋ! ನಂಗೊತ್ತಿಲ್ವಾ ಅದು? ಎದ್ದೋಗು. ಹೇಳ್ಬೇಕಾದ್ ಕಡೆ ಹೇಳ್ಹೋಗು."

ಒಳಗಿನಿಂದ ಮಗಳು ತಂದ ಕಾಫಿಯನ್ನು ಅವನು ಕೈಸನ್ನೆಯಲ್ಲೇ ವಾಪಸು ಕಳಿಸಿದ. ಸರಿಯಾಗಿಯೇ ಮಾಡಿದ. ಕ್ಷಮಿಸು ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು, ಕೇಳುವ ಹಕ್ಕಿರಲಿಲ್ಲ, ಕೇಳಲಿಲ್ಲ.

ಅದಕ್ಕೇ ಇದನ್ನು ಬರೆದೆ. ಇಲ್ಲಿಯವರೆಗಿನದನ್ನು ಇಂದು ಬೆಳಿಗ್ಗೆ ಡೈರಿಯ ಮುಂದೆ, ಹಾಲು ಹಾಕಲು ಊರೇ ಸಾಲು ನಿಂತಿದ್ದಾಗ, ಗಟ್ಟಿಯಾಗಿ ಓದಿದೆ. ಅರ್ಧಕ್ಕೇ ಕೆಲವರು ಕ್ಯಾನು ಎತ್ತಿಕೊಂಡು ಹೊರಟರು. ಡೈರಿ ಸೆಕ್ರೆಟರಿ, "ಬೇಗ ಮುಗ್ಸಿ ಗೌಡ್ರೇ, ಹಾಲಿನ್ ಗಾಡಿ ಬತ್ತದೆ" ಎಂದ. ಇನ್ನೊಬ್ಬ, "ವಯಸ್ಸಾಯ್ತು, ಏನೇನೋ ಒದರ್ತಾವ್ರೆ" ಎಂದು ನಕ್ಕ. ಅಂದು ನನ್ನ ಎರಡು ವಾಕ್ಯಕ್ಕೆ ತಲೆದೂಗಿದ ಇದೇ ಜನ, ಇಂದು ನನ್ನ ನಾಲ್ಕು ಹಾಳೆಗೆ ಕಿವಿಗೊಡಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ಸುಳ್ಳನ್ನು ಅವರಿಗೆ ರೂಢಿ ಮಾಡಿಸಿದವನೇ ನಾನು.

ಆದರೆ ಆ ಹುಡುಗಿಯ ತಂದೆ ಇಂದು ಬೆಳಿಗ್ಗೆ ಬಂದಿರಲಿಲ್ಲ. ಅವನು ಹಾಲು ಹಾಕುವುದು ಸಂಜೆ. ಐದು ಗಂಟೆಗೆ ಹಾಳೆ ಹಿಡಿದು ಮತ್ತೆ ಹೋಗುತ್ತೇನೆ. ಮೊದಲಿನಿಂದ ಓದುತ್ತೇನೆ.